ಟಪಾಲಿನಿಂದ ಮಿಂಚಂಚೆಗೆ: ಹುಬ್ಬಳ್ಳಿ-ಧಾರವಾಡದ ಪತ್ರವ್ಯವಹಾರ ಮತ್ತು ಅಂತರಜಾಲ ಸೇವಾದಾತರ ಆರಂಭಕಾಲದ ಅಂಚೆ

ಕನ್ನಡ ಸಾಹಿತ್ಯಚರಿತ್ರೆಯ ಆಕರಗಳಲ್ಲಿ ಪತ್ರಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಕೃತಿಯೊಂದರ ಹುಟ್ಟು, ತಿದ್ದುಪಡಿ, ಪ್ರಕಟಣೆ, ಲೇಖಕ-ಪ್ರಕಾಶಕರ ಸಂಬಂಧ ಇವೆಲ್ಲ ಅಚ್ಚಾದ ಪುಟಕ್ಕಿಂತ ಹೆಚ್ಚು ಸ್ಪಷ್ಟವಾಗಿ ಪತ್ರಗಳಲ್ಲಿ ಕಾಣಸಿಗುತ್ತವೆ. ಧಾರವಾಡದ ಮಟ್ಟಿಗೆ ಈ ಮಾತು ಇನ್ನಷ್ಟು ನಿಜ. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ದೂರದ ಲೇಖಕರನ್ನು ಊರಿನ ಅಟ್ಟಕ್ಕೆ ಜೋಡಿಸಿದ್ದು ಟಪಾಲಿನ ಮೂಲಕವೇ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾದಾಗ ನಾಟಕಕಾರರು ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದರು. ಎ. ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಧಾರವಾಡದಿಂದ ಹೊರಬಂದಾಗ ಕವಿಗಳು ಷಿಕಾಗೋದಲ್ಲಿ ಅಧ್ಯಾಪಕರಾಗಿದ್ದರು. ಸಮುದ್ರದಾಚೆಯ ಕವಿ ಮತ್ತು ಧಾರವಾಡದ ಪ್ರಕಾಶಕರ ನಡುವೆ ಕಾಗದದ ಪತ್ರವನ್ನು ಬಿಟ್ಟರೆ ಬೇರೆ ನಿತ್ಯದ ಸಾಧನವಿರಲಿಲ್ಲ. ರಾಮಾನುಜನ್ನರ ಕಾಗದಪತ್ರಗಳು ಷಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಂದಿಗೂ ಸಂಶೋಧಕರಿಗೆ ದೊರೆಯುತ್ತವೆ.

ಇಂಥದೇ ವ್ಯವಹಾರ 1999ರಲ್ಲಿ ನಡೆದಿದ್ದರೆ ಅದರ ಕುರುಹು ಎಲ್ಲಿ ಉಳಿಯುತ್ತಿತ್ತು ಎಂಬುದು ಪ್ರಸ್ತುತ ಲೇಖನದ ಮೂಲ ಪ್ರಶ್ನೆ. 1995ರಿಂದ ಸುಮಾರು 2010ರವರೆಗಿನ ಅವಧಿಯಲ್ಲಿ ಪತ್ರವ್ಯವಹಾರ ಕ್ರಮೇಣ ಕಾಗದದಿಂದ ಮಿಂಚಂಚೆಗೆ ಸರಿಯಿತು. ‘ತಂತ್ರಜ್ಞಾನ ಬಂದು ಪತ್ರ ಬರೆಯುವ ರೂಢಿ ಸತ್ತಿತು’ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ಆ ಅವಧಿಯ ಮಿಂಚಂಚೆಯ ವ್ಯವಸ್ಥೆಯನ್ನು ಪರಿಶೀಲಿಸಿದರೆ ಬೇರೆಯೇ ಚಿತ್ರ ಮೂಡುತ್ತದೆ. ಜನರು ಬರೆಯುವುದನ್ನು ನಿಲ್ಲಿಸಲಿಲ್ಲ. ಬರೆದದ್ದು ಉಳಿಯುವ ಏರ್ಪಾಡು ಇರಲಿಲ್ಲ. ವಿಳಾಸ, ಲಿಪಿ, ಸಂಚಯ ಎಂಬ ಮೂರು ನೆಲೆಗಳಲ್ಲಿ ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ.

1. ಹಿನ್ನೆಲೆ

ಭಾರತದಲ್ಲಿ ಮಿಂಚಂಚೆ ಮೊದಲು ಬಂದದ್ದು ವಿದ್ವತ್ ಸಂಸ್ಥೆಗಳಿಗೆ. 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆ ಐಐಟಿಗಳು, ಮುಂಬಯಿಯ ಎನ್‌ಸಿಎಸ್‌ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವನ್ನು ಜೋಡಿಸಿತು. ಸರಕಾರಿ ಕಚೇರಿಗಳಿಗೆ ನಿಕ್‌ನೆಟ್ ಇತ್ತು. ಸಾಮಾನ್ಯ ಗ್ರಾಹಕನಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಅಂದು ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಮಹಾನಗರಗಳಲ್ಲಿ ಅಂತರಜಾಲ ಸೇವೆಯನ್ನು ಆರಂಭಿಸಿತು. ಬೆಂಗಳೂರು ನಂತರದ ಹಂತದಲ್ಲಿ ಈ ಜಾಲಕ್ಕೆ ಸೇರಿತು. 1998ರ ನವೆಂಬರಿನ ನೀತಿಯಿಂದ ವಿಎಸ್‌ಎನ್‌ಎಲ್‌ನ ಏಕಸ್ವಾಮ್ಯ ಕೊನೆಗೊಂಡು ಖಾಸಗಿ ಸೇವಾದಾತರಿಗೆ ಅವಕಾಶವಾಯಿತು. ಪರವಾನಗಿಗಳನ್ನು ಇಡೀ ದೇಶ, ದೂರಸಂಪರ್ಕ ವೃತ್ತ ಮತ್ತು ಸ್ಥಳೀಯ ಪ್ರದೇಶ ಎಂದು ಮೂರು ವರ್ಗಗಳಲ್ಲಿ ನೀಡಲಾಯಿತು. 2000ದ ಅಕ್ಟೋಬರ್ 1ರಂದು ದೂರಸಂಪರ್ಕ ಸೇವೆಗಳು ಬಿಎಸ್‌ಎನ್‌ಎಲ್ ಎಂಬ ನಿಗಮವಾದವು. ಅದರ ‘ಸಂಚಾರನೆಟ್’ ಮಹಾನಗರಗಳ ಹೊರಗಿನ ಊರುಗಳ ಅನೇಕ ಮನೆಗಳಿಗೆ ಮೊದಲ ಅಂತರಜಾಲ ಸಂಪರ್ಕವಾಯಿತು.

ಈ ಅನುಕ್ರಮದಲ್ಲಿ ಹುಬ್ಬಳ್ಳಿ-ಧಾರವಾಡದಂಥ ಊರಿನ ಸ್ಥಾನವನ್ನು ದೂರವಾಣಿಯ ದರ ನಿರ್ಧರಿಸಿತು. ಮೋಡೆಮ್ ಮೂಲಕ ಸಂಪರ್ಕಿಸಬೇಕಾದ ಯಂತ್ರ ಬೆಂಗಳೂರಿನಲ್ಲಿದ್ದರೆ ಪ್ರತಿ ನಿಮಿಷವೂ ಎಸ್‌ಟಿಡಿ ಕರೆಯ ನಿಮಿಷವೇ ಆಗುತ್ತಿತ್ತು. ಯಂತ್ರ ಹತ್ತಿರದಲ್ಲಿದ್ದರೆ ಅದು ಸ್ಥಳೀಯ ಕರೆ. 1962ರಿಂದ ಒಂದೇ ಮಹಾನಗರಪಾಲಿಕೆಯ ಆಡಳಿತದಲ್ಲಿರುವ ಅವಳಿ ನಗರಗಳು ದೂರವಾಣಿಯಲ್ಲಿಯೂ 0836 ಎಂಬ ಒಂದೇ ಸಂಕೇತವನ್ನು ಹಂಚಿಕೊಂಡಿವೆ. 172ರಿಂದ ಆರಂಭವಾಗುವ ಸಂಖ್ಯೆಗಳಿಗೆ ಸ್ಥಳೀಯವಾಗಿ ಕರೆಮಾಡಿ ಜಾಲವನ್ನು ಪ್ರವೇಶಿಸುವ ಸೌಲಭ್ಯ ಬಂದ ಮೇಲೆಯೇ ಮಿಂಚಂಚೆ ಇಲ್ಲಿ ಮನೆಬಳಕೆಯ ವಸ್ತುವಾಗುವುದು ಸಾಧ್ಯವಾಯಿತು.

2. ಹೆಸರಿನ ಚರಿತ್ರೆ: ಟಪಾಲು, ಅಂಚೆ, ಮೇಲ್

ಹೊಸ ಸಾಧನಕ್ಕೆ ಹೆಸರಿಡುವಾಗ ಕನ್ನಡವು ಹಳೆಯ ಸಾಧನದ ಹೆಸರನ್ನೇ ಆಧಾರವಾಗಿ ಹಿಡಿಯಿತು. ಆದರೆ ಆ ಹಳೆಯ ಹೆಸರು ಇಡೀ ಕರ್ನಾಟಕಕ್ಕೆ ಒಂದೇ ಆಗಿರಲಿಲ್ಲ. ‘ಅಂಚೆ’ ಮೈಸೂರು ಸಂಸ್ಥಾನದ ಪದ. ಚಿಕ್ಕದೇವರಾಜ ಒಡೆಯರ ಕಾಲದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಪದ ಮಾತ್ರ ಉಳಿಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಬಳಕೆಯಲ್ಲಿದ್ದದ್ದು ಮರಾಠಿಯೊಡನೆ ಹಂಚಿಕೊಂಡ ‘ಟಪಾಲು’. ಏಕೀಕರಣದ ನಂತರ ಪಠ್ಯಪುಸ್ತಕ ಮತ್ತು ನಾಮಫಲಕಗಳ ಮೂಲಕ ‘ಅಂಚೆ’ ಪ್ರಮಾಣಪದವಾಯಿತು. ‘ಟಪಾಲು’ ಆಡುಮಾತಿನಲ್ಲಿ ಮುಂದುವರಿಯಿತು.

ಇ-ಅಂಚೆ, ವಿದ್ಯುನ್ಮಾನ ಅಂಚೆ, ವಿದ್ಯುದಂಚೆ, ಮಿಂಚಂಚೆ, ಮಿಂಚೆ ಮೊದಲಾದ ರೂಪಗಳೆಲ್ಲ ಪ್ರಮಾಣಪದವಾದ ‘ಅಂಚೆ’ಯನ್ನೇ ಒಳಗೊಂಡಿವೆ. ‘ಇ-ಟಪಾಲು’ ಎಂಬ ರೂಪ ನೆಲೆಗೊಳ್ಳಲಿಲ್ಲ. ಇವುಗಳಲ್ಲಿ ‘ಮಿಂಚಂಚೆ’ ಕನ್ನಡದ ಲೋಪಸಂಧಿಗೆ ಒಪ್ಪುವ ಸಹಜ ಸಮಾಸವಾಗಿದ್ದು ಬರೆಹದಲ್ಲಿ ಸಾಕಷ್ಟು ಪ್ರಚಾರ ಪಡೆಯಿತು. ಅಂಚೆ ಎಂಬುದು ಹಂಸದ ತದ್ಭವವೂ ಹೌದು. ನಳದಮಯಂತಿಯರ ಹಂಸದೂತನನ್ನು ನೆನೆದು ಎರಡು ಅರ್ಥಗಳನ್ನು ಬೆಸೆಯುವ ಆಸೆ ಸಹಜ. ಆದರೆ ರೂಪಸಾಮ್ಯವೊಂದೇ ನಿಷ್ಪತ್ತಿಗೆ ಆಧಾರವಾಗಲಾರದು.

ಆಡುಮಾತಿನಲ್ಲಿ ಗೆದ್ದದ್ದು ‘ಮೇಲ್’. ಇಲ್ಲಿ ಗಮನಿಸಬೇಕಾದದ್ದು ನಾಮಪದಕ್ಕಿಂತ ಕ್ರಿಯಾಪದ. ‘ಕಾಗದ ಹಾಕು’, ‘ಪತ್ರ ಹಾಕು’ ಎಂಬ ಪ್ರಯೋಗಗಳು ಪೆಟ್ಟಿಗೆಯೊಳಗೆ ಕಾಗದ ಇಳಿಬಿಡುವ ಕ್ರಿಯೆಯಿಂದ ಬಂದವು. ‘ಒಂದ ಮೇಲ್ ಹಾಕ್ರಿ’ ಎನ್ನುವಾಗ ಸಾಧನ ಇಂಗ್ಲಿಷಿನದು, ಕ್ರಿಯೆ ಟಪಾಲು ಪೆಟ್ಟಿಗೆಯದು. ಕಚೇರಿ ಕನ್ನಡವೂ ಇದೇ ಬಗೆಯಲ್ಲಿ ಸಿದ್ಧವಾಗಿತ್ತು. ಪತ್ರದೊಡನೆ ಸೇರಿಸಿದ ದಾಖಲೆಗೆ ಹಿಂದಿನಿಂದಲೂ ಇದ್ದ ‘ಲಗತ್ತು’ ಯಾವ ಬದಲಾವಣೆಯೂ ಇಲ್ಲದೆ ಮಿಂಚಂಚೆಗೆ ಒಪ್ಪಿತು. ಬಂದ-ಹೋದ ಪತ್ರಗಳಿಗೆ ಉತ್ತರ ಕರ್ನಾಟಕದ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ‘ಆವಕ-ಜಾವಕ’ ಎಂಬ ಜೋಡಿಪದ ಮಾತ್ರ, ಅಷ್ಟೇ ಯೋಗ್ಯವಾಗಿದ್ದರೂ, ಗಣಕದ ಪರದೆಯನ್ನು ಏರಲಿಲ್ಲ. ಪಾರಿಭಾಷಿಕ ಪದಗಳನ್ನು ಟಂಕಿಸುವವರು ಪ್ರಾದೇಶಿಕ ಆಡಳಿತ ಕನ್ನಡದ ಕಡೆ ಸಾಕಷ್ಟು ಗಮನ ಹರಿಸಲಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

3. ವಿಳಾಸ: ಊರಿನಿಂದ ಯಂತ್ರಕ್ಕೆ

ಕಾಗದದ ವಿಳಾಸ ವ್ಯಕ್ತಿ, ಓಣಿ, ಊರು ಎಂಬ ಕ್ರಮದಲ್ಲಿ ಸಾಗುತ್ತದೆ. ‘ಸಾಧನಕೇರಿ, ಧಾರವಾಡ’ ಎಂಬ ಎರಡು ಪದಗಳು ಬೇಂದ್ರೆಯವರ ವಿಳಾಸವೂ ಹೌದು, ಒಂದು ಸಾಂಸ್ಕೃತಿಕ ಸಂಕೇತವೂ ಹೌದು. ವಿಎಸ್‌ಎನ್‌ಎಲ್‌ನ ಆರಂಭದ ವಿಳಾಸಗಳು ಊರಿನ ಬದಲು ಯಂತ್ರದ ಹೆಸರನ್ನು ಹೊತ್ತಿದ್ದವು. ಬೆಂಗಳೂರಿನ ಗ್ರಾಹಕನ ಹೆಸರಿನ ಮುಂದೆ ‘ಗಯಾಸ್-ಬಿಜಿ-01’ ಎಂದೂ ಮುಂಬಯಿಯವನಿಗೆ ‘ಗಯಾಸ್-ಬಿಎಂ-01’ ಎಂದೂ ಇರುತ್ತಿತ್ತು. ‘ಗಯಾಸ್’ ಎಂಬುದು ಸೇವೆಯ ಸಂಕ್ಷಿಪ್ತ ನಾಮ, ‘ಬಿಜಿ’ ಬೆಂಗಳೂರು, ‘01’ ಯಂತ್ರದ ಕ್ರಮಾಂಕ. ಬೆಂಗಳೂರಿನ ಯಂತ್ರದಲ್ಲಿ ಖಾತೆ ಪಡೆದ ಹೊರ ಊರಿನವನೂ ಜಾಲದ ದೃಷ್ಟಿಯಲ್ಲಿ ಬೆಂಗಳೂರಿನ ನಿವಾಸಿಯೇ. ಸಂಚಾರನೆಟ್ಟಿನ ಅನೇಕ ವಿಳಾಸಗಳಲ್ಲಿ ಬಳಕೆದಾರನ ಹೆಸರಿನ ಹಿಂದೆಯೇ ಕೇಂದ್ರದ ಸಂಕೇತಾಕ್ಷರಗಳಿದ್ದವು.

1996ರ ಜುಲೈ 4ರಂದು ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಜಾಕ್ ಸ್ಮಿತ್ ಅಮೆರಿಕದಲ್ಲಿ ಆರಂಭಿಸಿದ ಹಾಟ್‌ಮೇಲ್ ಈ ಕ್ರಮವನ್ನು ಮುರಿಯಿತು. ವಿಳಾಸಕ್ಕೂ ಸಂಪರ್ಕಕ್ಕೂ ಇದ್ದ ನಂಟು ಅಲ್ಲಿ ಕಡಿಯಿತು. ಭಾರತದಲ್ಲಿ ರಿಡಿಫ್‌ಮೇಲ್ ಇದೇ ದಾರಿಯಲ್ಲಿ ವ್ಯಾಪಕವಾಗಿ ಹರಡಿತು. ಇವುಗಳ ವಿಳಾಸಕ್ಕೆ ಊರಿಲ್ಲ. ಆದ್ದರಿಂದ ಊರು ಬಿಟ್ಟರೂ ವಿಳಾಸ ಬಿಡಬೇಕಾಗಿಲ್ಲ. ಸೇವಾದಾತನ ಅಂಚೆಯಲ್ಲಿ ಸ್ಥಿತಿ ತದ್ವಿರುದ್ಧ. ಬಾಡಿಗೆ ಕಟ್ಟುವವರೆಗೆ ಮನೆ ಎಂಬಂತೆ ಸಂಪರ್ಕ ಇರುವವರೆಗೆ ವಿಳಾಸ. ಕಾಗದದ ಟಪಾಲಿನಲ್ಲಿ ಮನೆ ಬದಲಿಸಿದವನ ಪತ್ರವನ್ನು ಹೊಸ ವಿಳಾಸಕ್ಕೆ ತಿರುಗಿಸಿ ಕಳಿಸುವ ಪದ್ಧತಿ ಇದೆ. ಖಾತೆ ಮುಗಿದ ಮಿಂಚಂಚೆಗೆ ಅಂಥ ಅನುಕೂಲ ಸಾಮಾನ್ಯವಾಗಿ ಇರಲಿಲ್ಲ. ಪತ್ರ ಕಳಿಸಿದವನಿಗೇ ಮರಳುತ್ತಿತ್ತು.

ಸಂಸ್ಥೆಗಳ ಬದಲಾವಣೆಯೂ ವಿಳಾಸಗಳನ್ನು ಅಲುಗಾಡಿಸಿತು. ವಿಎಸ್‌ಎನ್‌ಎಲ್ 2002ರಲ್ಲಿ ಟಾಟಾ ಸಮೂಹದ ನಿಯಂತ್ರಣಕ್ಕೆ ಬಂದು 2008ರಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಬಿಎಸ್‌ಎನ್‌ಎಲ್ 2005ರಲ್ಲಿ ‘ಡೇಟಾವನ್’ ಎಂಬ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಸೇವೆ ತಂದ ಮೇಲೆ ಮೋಡೆಮ್ ಕರೆಯ ಕಾಲ ಹಿಂದೆ ಸರಿಯಿತು. ಆ ಕಾಲದ ಪುಸ್ತಕಗಳ ಒಳಪುಟಗಳಲ್ಲಿ ಅಥವಾ ನಿಯತಕಾಲಿಕಗಳಲ್ಲಿ ಸಂಚಾರನೆಟ್ಟಿನ ವಿಳಾಸ ಅಚ್ಚಾಗಿದ್ದರೆ ಅದು ಇಂದು ಉತ್ತರ ಬಾರದ ವಿಳಾಸ; ಕಾಲನಿರ್ಣಯಕ್ಕೆ ನೆರವಾಗುವ ಕುರುಹು ಮಾತ್ರ.

4. ಲಿಪಿ: ಪತ್ರ ತಲುಪಿಯೂ ತಲುಪದ ಸ್ಥಿತಿ

ವಿಎಸ್‌ಎನ್‌ಎಲ್‌ನ ಅಗ್ಗದ ‘ಶೆಲ್’ ಖಾತೆಗಳು ಅಕ್ಷರಮಾತ್ರದವು. ಕಪ್ಪು ಪರದೆಯ ಮೇಲೆ ‘ಪೈನ್’ ಎಂಬ ತಂತ್ರಾಂಶದಲ್ಲಿ ಪತ್ರ ಓದಿ ಬರೆಯಬೇಕು. ಅಲ್ಲಿದ್ದದ್ದು ಆಸ್ಕಿ ಸಂಕೇತದ ರೋಮನ್ ಅಕ್ಷರಗಳಷ್ಟೇ. ಕನ್ನಡ ಬರೆಯಬೇಕೆಂದರೆ ರೋಮನ್ ಲಿಪಿಯಲ್ಲಿ ಬರೆಯಬೇಕು. ವಿದ್ವಾಂಸರು ದೊಡ್ಡಕ್ಷರ-ಸಣ್ಣಕ್ಷರಗಳಿಂದ ಲಕಾರ-ಳಕಾರ, ನಕಾರ-ಣಕಾರಗಳನ್ನು ಬೇರ್ಪಡಿಸುವ ಲಿಪ್ಯಂತರ ಕ್ರಮಗಳನ್ನು ಅನುಸರಿಸಬಹುದಾಗಿತ್ತು. ಸಾಮಾನ್ಯರು ತೋಚಿದಂತೆ ಬರೆದರು.

ಈ ತೋಚಿದಂತೆ ಬರೆದ ಕನ್ನಡ ಭಾಷಾಶಾಸ್ತ್ರದ ದೃಷ್ಟಿಯಿಂದ ಮೌಲಿಕವಾದದ್ದು. ಕನ್ನಡ ಲಿಪಿಯಲ್ಲಿ ಕಾಗದ ಬರೆಯಲು ಕುಳಿತವನನ್ನು ಶಾಲೆಯಲ್ಲಿ ಕಲಿತ ಗ್ರಾಂಥಿಕ ರೂಪ ಹಿಡಿದೆಳೆಯುತ್ತದೆ. ‘ಬರುತ್ತೇನೆ’ ಎಂದು ಬರೆದೇ ಅಭ್ಯಾಸ. ರೋಮನ್ ಲಿಪಿಯ ಕನ್ನಡಕ್ಕೆ ಶಾಲೆಯ ಕಟ್ಟುಪಾಡಿಲ್ಲದ್ದರಿಂದ ‘ಬರ್ತೇನಿ’, ‘ಹೋಗ್ಯಾನ’, ‘ಏನ ಮಾಡೂದು’ ಎಂಬ ಧಾರವಾಡದ ಆಡುರೂಪಗಳು ಕಾಗುಣಿತದ ಅಂಜಿಕೆಯಿಲ್ಲದೆ ಬರೆಹಕ್ಕೆ ಇಳಿಯಲು ಅನುಕೂಲವಿತ್ತು. ಕಥನಸಾಹಿತ್ಯದಲ್ಲಿ ಲೇಖಕರು ಪ್ರಜ್ಞಾಪೂರ್ವಕವಾಗಿ ತಂದ ಉಪಭಾಷೆಗಿಂತ ಇದು ಭಿನ್ನ. ಸಾಕಷ್ಟು ಮಾದರಿಗಳು ದೊರೆತರೆ ಉತ್ತರ ಕರ್ನಾಟಕದ ಕನ್ನಡದ ಅಧ್ಯಯನಕ್ಕೆ ಹೊಸ ಆಕರವಾಗಬಲ್ಲದು.

ಕನ್ನಡ ಲಿಪಿಯಲ್ಲಿಯೇ ಬರೆಯುವ ಸಾಧನಗಳೂ ಅದೇ ಕಾಲದಲ್ಲಿ ಬಂದವು. ಯು. ಬಿ. ಪವನಜರ ‘ವಿಶ್ವಕನ್ನಡ’ 1996ರಲ್ಲಿ ಅಂತರಜಾಲದಲ್ಲಿ ಕನ್ನಡದ ಪುಟಗಳನ್ನು ತೆರೆಯಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಹೊರಬಂದಿತು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು ಅನುಸರಿಸಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು. ಆದರೆ ಇವು ಬಳಸಿದ ಅಕ್ಷರಶೈಲಿಗಳು ರೋಮನ್ ಸಂಕೇತಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂಡಿಸಿದವುಗಳು. ಗಣಕದ ಸ್ಮೃತಿಯಲ್ಲಿ ಕನ್ನಡವೇ ಇರಲಿಲ್ಲ. ಕನ್ನಡದ ವೇಷ ತೊಟ್ಟ ರೋಮನ್ ಇತ್ತು. ನುಡಿಯ ಸಂಕೇತದಲ್ಲಿ ‘ಕನ್ನಡ’ ಎಂದು ಬರೆದು ಕಳಿಸಿದರೆ, ಅದೇ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಕಾರದ ಜಾಗದಲ್ಲಿ ಇಂಗ್ಲಿಷಿನ ‘ಪಿ’ ಮತ್ತು ಒತ್ತುಗೆರೆಯ ‘ಎ’, ನಕಾರದ ಜಾಗದಲ್ಲಿ ಪೌಂಡ್ ನಾಣ್ಯದ ಚಿಹ್ನೆ, ಅದರ ಒತ್ತಕ್ಷರಕ್ಕೆ ಜರ್ಮನ್ ಭಾಷೆಯ ಜೋಡಿ ಸಕಾರ ಕಾಣಿಸುತ್ತಿದ್ದವು. ಪತ್ರ ತಲುಪುತ್ತಿತ್ತು, ಓದಲಾಗುತ್ತಿರಲಿಲ್ಲ.

ತೊಂದರೆ ಅಲ್ಲಿಗೇ ಮುಗಿಯಲಿಲ್ಲ. 1982ರಲ್ಲಿ ನಿರೂಪಿತವಾದ ಮಿಂಚಂಚೆಯ ಸಾಗಣೆಯ ನಿಯಮ ಏಳು ಬಿಟ್‌ಗಳ ಸಂಕೇತವನ್ನಷ್ಟೇ ಊಹಿಸಿತ್ತು. ಕನ್ನಡದ ಅಕ್ಷರಶೈಲಿಗಳಿಗೆ ಎಂಟನೆಯ ಬಿಟ್ ಅನಿವಾರ್ಯ. 1992ರ ‘ಮೈಮ್’ ಎಂಬ ಕ್ರಮ ಇದಕ್ಕೆ ಪರಿಹಾರ ನೀಡಿದರೂ ದಾರಿಯ ಯಾವುದೋ ಹಳೆಯ ಯಂತ್ರ ಎಂಟನೆಯ ಬಿಟ್ಟನ್ನು ಕತ್ತರಿಸಿದರೆ ಒತ್ತುಗೆರೆಯ ‘ಎ’ ಹೋಗಿ ‘@’, ಪೌಂಡ್ ಚಿಹ್ನೆ ಹೋಗಿ ‘#’, ಜೋಡಿ ಸಕಾರ ಹೋಗಿ ಅಡಿಗೆರೆ ಉಳಿಯುತ್ತವೆ. ಮೊದಲ ಬಗೆಯ ವಿಕಾರ ಸರಿಪಡಿಸಬಹುದಾದದ್ದು. ಅಕ್ಷರಶೈಲಿ ಯಾವುದೆಂದು ತಿಳಿದರೆ ಪರಿವರ್ತಕ ತಂತ್ರಾಂಶಗಳು ಅದನ್ನು ಯುನಿಕೋಡಿಗೆ ತರುತ್ತವೆ. ಎರಡನೆಯದರಲ್ಲಿ ಬೇರೆ ಬೇರೆ ಅಕ್ಷರಗಳು ಒಂದೇ ಚಿಹ್ನೆಯಲ್ಲಿ ಕೂಡಿಹೋಗುವುದರಿಂದ ಸಂದರ್ಭ ನೋಡಿ ಊಹಿಸಬೇಕು. ಶಾಸನದ ಸವೆದ ಅಕ್ಷರಗಳನ್ನು ಓದುವ ಶ್ರಮಕ್ಕೆ ಇದನ್ನು ಹೋಲಿಸಬಹುದು.

ಯುನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿತ್ತು. ಮನೆಯ ಗಣಕಗಳಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ, ಅದೂ ನಿಧಾನವಾಗಿ. ವಿಳಾಸದಲ್ಲಿಯೇ ಕನ್ನಡ ಲಿಪಿ ಬಳಸಲು ಬೇಕಾದ ಅಂತಾರಾಷ್ಟ್ರೀಯ ಮಾನಕ ಸಿದ್ಧವಾದದ್ದು 2012ರಲ್ಲಿ. ಹೀಗಾಗಿ ಸೇವಾದಾತರ ಅಂಚೆಯ ಮುಖ್ಯ ಅವಧಿ ಸಾಧನವಿದ್ದೂ ಲಿಪಿಯಿಲ್ಲದ ಅವಧಿಯಾಯಿತು. ಕನ್ನಡದಲ್ಲಿ ಬರೆಯಬಲ್ಲವರು ಇಂಗ್ಲಿಷಿಗೆ ತಿರುಗಿದ್ದಕ್ಕೆ ಭಾಷಾಭಿಮಾನದ ಕೊರತೆಯನ್ನಷ್ಟೇ ಕಾರಣವಾಗಿ ಹೇಳುವುದು ನ್ಯಾಯವಲ್ಲ.

5. ಪತ್ರದ ರೂಪ

ಸಾಧನದ ಅರ್ಥವ್ಯವಸ್ಥೆ ಪತ್ರದ ರೂಪವನ್ನೂ ನಿಯಂತ್ರಿಸಿತು. ಸೇವಾದಾತನ ಅಂಚೆಯನ್ನು ಬಳಸುವವನು ಸಂಪರ್ಕವಿಲ್ಲದೆ ಮನೆಯಲ್ಲಿ ಪತ್ರ ಬರೆದು, ತಿದ್ದಿ, ಅನಂತರ ಕರೆಮಾಡಿ ಒಮ್ಮೆಲೇ ಕಳಿಸಿ, ಬಂದದ್ದನ್ನು ಇಳಿಸಿಕೊಂಡು ಸಂಪರ್ಕ ಕಡಿಯಬಹುದಾಗಿತ್ತು. ಸೈಬರ್ ಕೆಫೆಯಲ್ಲಿ ಹಾಟ್‌ಮೇಲ್ ತೆರೆದವನ ಗಡಿಯಾರ ಅಕ್ಷರ ಹುಡುಕುವಾಗಲೂ ಓಡುತ್ತಿತ್ತು. ಮೊದಲನೆಯ ಬಗೆಯಲ್ಲಿ ಪತ್ರದ ವಿಸ್ತಾರಕ್ಕೆ ಎಡೆಯಿತ್ತು. ಎರಡನೆಯದರಲ್ಲಿ ಚೀಟಿಯ ಸಂಕ್ಷೇಪ ಅನಿವಾರ್ಯವಾಯಿತು. ಆದ್ದರಿಂದ ‘ಮಿಂಚಂಚೆಯ ಭಾಷೆ ಮೊಟಕು’ ಎಂಬ ತೀರ್ಮಾನವನ್ನು ಎಲ್ಲ ಬಗೆಯ ಮಿಂಚಂಚೆಗೂ ಅನ್ವಯಿಸಲಾಗದು.

ಸಾಂಪ್ರದಾಯಿಕ ಪತ್ರದ ‘ತೀರ್ಥರೂಪ ಸಮಾನರಾದ’, ‘ಶಿರಸಾಷ್ಟಾಂಗ ನಮಸ್ಕಾರಗಳು’, ‘ಉಭಯ ಕುಶಲೋಪರಿ’ ಮೊದಲಾದ ಒಕ್ಕಣೆ ಬರೆಯುವವನ ಮತ್ತು ಓದುವವನ ಸಂಬಂಧವನ್ನು ಮೊದಲೇ ಸ್ಥಾಪಿಸುತ್ತದೆ. ಮಿಂಚಂಚೆಯಲ್ಲಿ ಯಾರಿಂದ, ಯಾರಿಗೆ, ದಿನಾಂಕ, ವಿಷಯ ಎಂಬ ತಲೆಬರೆಹವನ್ನು ಯಂತ್ರವೇ ಕೇಳುತ್ತದೆ. ‘ವಿಷಯ’ ಎಂಬ ಸಾಲು ಮೂಲತಃ ಕಚೇರಿ ಪತ್ರದ್ದು. ತಾಯಿಗೆ ಬರೆಯುವ ಪತ್ರಕ್ಕೂ ವಿಷಯ ಕೇಳುವ ಈ ಕ್ರಮ ಖಾಸಗಿ ಪತ್ರವನ್ನು ಅರ್ಜಿಯ ಚೌಕಟ್ಟಿಗೆ ತಂದಿತು. ಒಕ್ಕಣೆ ಸವೆದದ್ದಕ್ಕೆ ಅವಸರದಷ್ಟೇ ಈ ಚೌಕಟ್ಟೂ ಕಾರಣವೆನ್ನಬಹುದು.

6. ಸಂಚಯ ಮತ್ತು ಸಂಪಾದನೆ

ಸೇವಾದಾತರ ಅಂಚೆಪೆಟ್ಟಿಗೆಗಳು ಚಿಕ್ಕವು. ಬಂದ ಪತ್ರವನ್ನು ಗ್ರಾಹಕನ ಗಣಕಕ್ಕೆ ಇಳಿಸಿ ಮೂಲವನ್ನು ಅಳಿಸುವುದು ‘ಪಾಪ್’ ಪದ್ಧತಿಯ ರೂಢಿ. ಪತ್ರದ ಏಕೈಕ ಪ್ರತಿ ಮನೆಯ ಗಣಕದಲ್ಲಿ, ಬಹುಮಟ್ಟಿಗೆ ‘ಔಟ್‌ಲುಕ್ ಎಕ್ಸ್‌ಪ್ರೆಸ್’ ತಂತ್ರಾಂಶದ ಕಡತಗಳಲ್ಲಿ ಉಳಿಯುತ್ತಿತ್ತು. ಗಣಕ ಕೆಟ್ಟರೆ, ವೈರಸ್ ಹೊಕ್ಕು ಅದನ್ನು ಹೊಸದಾಗಿ ಸಿದ್ಧಪಡಿಸಿದರೆ, ಹಳೆಯದೆಂದು ಮಾರಿದರೆ ಪತ್ರಗಳೂ ಹೋದವು. ಟ್ರಂಕಿನಲ್ಲಿಟ್ಟ ಕಾಗದಕ್ಕೆ ಗೆದ್ದಲಿನ ಭಯವಿದ್ದರೂ ಅದು ಐವತ್ತು ವರ್ಷ ಕಾಯಬಲ್ಲದು. ಜಾಲಾಧಾರಿತ ಅಂಚೆಯಲ್ಲಿಯೂ ಸ್ಥಳ ಕಡಿಮೆ; ಹಾಟ್‌ಮೇಲ್ ಆರಂಭದಲ್ಲಿ ನೀಡಿದ್ದು 2 ಮೆಗಾಬೈಟ್. ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ಅಳಿಸಲೇಬೇಕು. 2004ರ ಏಪ್ರಿಲ್ 1ರಂದು ಜಿಮೇಲ್ 1 ಗಿಗಾಬೈಟ್ ಸ್ಥಳ ನೀಡಿದ ಮೇಲೆ ಅಳಿಸದೆ ಇಡುವ ರೂಢಿ ಬಂದಿತು. ಸಾಹಿತ್ಯಚರಿತ್ರೆಯ ಆಕರಗಳಲ್ಲಿ ಕಾಣುವ ಕಂದರಕ್ಕೆ ಇದು ನೇರವಾದ ಕಾರಣ.

ಉಳಿದಿರಬಹುದಾದದ್ದನ್ನು ಸಂಗ್ರಹಿಸಿ ಸಂಪಾದಿಸುವಾಗ ಕನ್ನಡ ಗ್ರಂಥಸಂಪಾದನೆಯ ತತ್ತ್ವಗಳು ಆಶ್ಚರ್ಯಕರವಾಗಿ ಒದಗಿಬರುತ್ತವೆ. ಮೊದಲನೆಯದಾಗಿ, ಮೂಲಪಾಠದ ರಕ್ಷಣೆ. ಓದಲಾಗದ ಪತ್ರವನ್ನು ಯುನಿಕೋಡಿಗೆ ಪರಿವರ್ತಿಸಿ ಮೂಲವನ್ನು ಅಳಿಸುವುದು ಓಲೆಯನ್ನು ನಕಲು ಮಾಡಿ ಸುಟ್ಟಂತೆ. ಮೂಲ ಕಡತ, ಬಳಸಿದ ಅಕ್ಷರಶೈಲಿ, ತಂತ್ರಾಂಶದ ಆವೃತ್ತಿ ಇವುಗಳ ವಿವರ ಜೊತೆಯಲ್ಲಿಯೇ ಇರಬೇಕು. ಎರಡನೆಯದಾಗಿ, ಪ್ರತ್ಯಂತರಗಳು. ಉತ್ತರಿಸುವಾಗ ಬಂದ ಪತ್ರವನ್ನು ಕೆಳಗೆ ಉಳಿಸಿಕೊಳ್ಳುವ ರೂಢಿಯಿಂದ ನಷ್ಟವಾದ ಪತ್ರದ ಪಾಠ ಎದುರಿನವನ ಉತ್ತರದಲ್ಲಿ ದೊರೆಯಬಹುದು. ಲುಪ್ತಕೃತಿಯ ಪದ್ಯಗಳು ಸಂಕಲನಗ್ರಂಥಗಳಲ್ಲಿ ಸಿಗುವ ಬಗೆಯೇ ಇದು. ಆದ್ದರಿಂದ ಲೇಖಕನ ಗಣಕವೊಂದನ್ನೇ ಅಲ್ಲ, ಅವನ ಸ್ನೇಹಿತರ ಗಣಕಗಳನ್ನೂ ಹುಡುಕಬೇಕು. ಅಚ್ಚುಹಾಕಿ ಕಡತದಲ್ಲಿಟ್ಟ ಪ್ರತಿಗಳೂ ಇಲ್ಲಿ ಅಮೂಲ್ಯ.

ಮೂರನೆಯದಾಗಿ, ಕಾಲನಿರ್ಣಯ. ಪತ್ರದ ಮೇಲೆ ಕಾಣುವ ದಿನಾಂಕ ಕಳಿಸಿದವನ ಗಣಕದ ಗಡಿಯಾರದ್ದು; ಅದು ತಪ್ಪಿರಬಹುದು. ದಾರಿಯ ಪ್ರತಿ ಯಂತ್ರವೂ ತಲೆಬರೆಹದಲ್ಲಿ ತನ್ನ ಹೆಸರು ಮತ್ತು ವೇಳೆಯನ್ನು ಒತ್ತುತ್ತದೆ. ಟಪಾಲು ಮುದ್ರೆಗಳಂತಿರುವ ಈ ಸಾಲುಗಳು ಹೆಚ್ಚು ವಿಶ್ವಾಸಾರ್ಹ. ಅಲ್ಲಿ ಕಾಣುವ ಅಧಿಕ 0530 ಎಂಬ ಸಂಖ್ಯೆ ಭಾರತೀಯ ಕಾಲಮಾನವನ್ನು ಸೂಚಿಸುತ್ತದೆ. ಪತ್ರವನ್ನು ನಕಲು ಮಾಡುವಾಗ ತಲೆಬರೆಹವನ್ನು ಬಿಟ್ಟುಬಿಡುವುದು ಶಾಸನದ ಕಾಲದ ಸಾಲನ್ನು ಬಿಟ್ಟು ಉಳಿದುದನ್ನು ಮಾತ್ರ ಓದಿದಂತಾಗುತ್ತದೆ.

ನಾಲ್ಕನೆಯದಾಗಿ, ಹಕ್ಕಿನ ವಿಚಾರ. ಪತ್ರ ಪಡೆದವನ ಬಳಿ ಪ್ರತಿ ಇದ್ದರೂ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅದರ ಕೃತಿಸ್ವಾಮ್ಯ ಬರೆದವನದು; ಲೇಖಕನ ನಿಧನಾನಂತರ 60 ವರ್ಷ ಅವನ ವಾರಸುದಾರರದು. ಖಾಸಗಿ ಮಾತುಗಳಿರುವ ಪತ್ರಗಳನ್ನು ಸಂಗ್ರಹಿಸಿಟ್ಟು, ಒಪ್ಪಿದ ಅವಧಿಯ ನಂತರ ತೆರೆಯುವ ವ್ಯವಸ್ಥೆಯನ್ನು ಗ್ರಂಥಾಲಯಗಳು ರೂಪಿಸಬಹುದು.

ಸಮಾರೋಪ

ಹುಬ್ಬಳ್ಳಿ-ಧಾರವಾಡದಲ್ಲಿ ಆರಂಭಕಾಲದ ಮಿಂಚಂಚೆಯನ್ನು ವೇಗದ ಟಪಾಲು ಎಂದಷ್ಟೇ ತಿಳಿದರೆ ಅದರ ಸ್ವರೂಪ ಅರ್ಥವಾಗದು. ಟಪಾಲು ಖಾತೆ ಪತ್ರವನ್ನು ಸಾಗಿಸುತ್ತಿತ್ತು; ಲಿಪಿ ಬರೆಯುವವನದು, ಮುಟ್ಟಿದ ಕಾಗದ ಪಡೆದವನದು. ಅಂತರಜಾಲ ಸೇವಾದಾತರ ಅಂಚೆಯಲ್ಲಿ ವಿಳಾಸ ಸಂಸ್ಥೆಯದು, ಲಿಪಿ ತಂತ್ರಾಂಶದ್ದು, ಸಂಚಯ ಕೆಡಬಹುದಾದ ಒಂದು ಯಂತ್ರದ್ದು. ಈ ಮೂರೂ ಬೇರೆ ಬೇರೆ ಕಾಲಕ್ಕೆ ಕೈಕೊಟ್ಟುದರಿಂದ ಸುಮಾರು ಹದಿನೈದು ವರ್ಷಗಳ ಪತ್ರಸಾಹಿತ್ಯ ಬಹುಮಟ್ಟಿಗೆ ಕಣ್ಮರೆಯ ಅಂಚಿನಲ್ಲಿದೆ. ಆ ಕಾಲದ ಲೇಖಕರು, ಸಂಪಾದಕರು, ಪ್ರಕಾಶಕರು ಅನೇಕರು ಇನ್ನೂ ಇದ್ದಾರೆ. ಹಳೆಯ ಗಣಕಗಳು, ಸಿಡಿಗಳು ಕಪಾಟುಗಳಲ್ಲಿ ಉಳಿದಿರಬಹುದು. ಹಸ್ತಪ್ರತಿಗಳನ್ನು ಅರಸಿ ಮಠ-ಮನೆಗಳಿಗೆ ತಿರುಗಿದ ಹಿಂದಿನ ತಲೆಮಾರಿನ ವಿದ್ವಾಂಸರಂತೆ ಇಂದಿನ ಕನ್ನಡ ವಿಭಾಗಗಳು ಈ ಕಪಾಟುಗಳತ್ತ ಹೊರಳಬೇಕಾಗಿದೆ. ಓಲೆಗರಿ ಶತಮಾನಗಳವರೆಗೆ ಕಾದಿತ್ತು. ಸಿಡಿ ಅಷ್ಟು ಕಾಲ ಕಾಯುವುದಿಲ್ಲ.